ಕಾರ್ಟ್‌ನಿಂದ ಫಾರ್ಮುಲಾ 4ಕ್ಕೆ: ಮೊದಲ ಸೀಸನ್ನಿನ ಹಣ ಎಲ್ಲಿ ಹಾಕಬೇಕು?

ಮಗಳು ಕಾರ್ಟಿಂಗ್‌ನಲ್ಲಿ, ಅಂದರೆ ಪುಟ್ಟ ರೇಸ್ ಗಾಡಿಗಳ ಓಟದಲ್ಲಿ, ಚೆನ್ನಾಗಿ ಓಡಿಸುತ್ತಿದ್ದಾಳೆ, ಮುಂದಿನ ವರ್ಷ ಹದಿನೈದು ತುಂಬುತ್ತದೆ, ಕಾರ್ಟ್ ಬಿಟ್ಟವರು ಮೊದಲು ಏರುವ ರೇಸ್ ಕಾರಿನ ಹಂತವಾದ ಫಾರ್ಮುಲಾ 4ಕ್ಕೆ ಕಳುಹಿಸಬೇಕೆಂದಿದ್ದೇವೆ ಎಂದು ಬರೆದಿದ್ದೀರಿ. ಇರುವ ಹಣದಲ್ಲಿ ಪೂರ್ತಿ ಸೀಸನ್ ಓಡಿಸುವುದೋ, ಅರ್ಧ ಓಡಿಸಿ ಉಳಿದದ್ದನ್ನು ಟೆಸ್ಟಿಂಗ್‌ಗೆ, ಅಂದರೆ ರೇಸಿಲ್ಲದ ದಿನಗಳ ಅಭ್ಯಾಸಕ್ಕೆ, ಇಡುವುದೋ, ಆ ಕಾರಿನ ಸ್ಟೀರಿಂಗ್ ತಿರುಗಿಸುವ ಬಲ ಹುಡುಗಿಗೆ ಸಾಲುತ್ತದೆಯೋ ಎಂಬುದು ನಿಮ್ಮ ಪ್ರಶ್ನೆ. ಮೇಲೆ ಹಲವರು ‘ರೇಸಿಗೆ ಇಳಿಸಿ, ತಾನಾಗಿಯೇ ಕಲಿಯುತ್ತಾಳೆ’ ಎಂದಿದ್ದಾರೆ. ಕಿರಿಯರ ತಂಡಗಳಲ್ಲಿ ಡೇಟಾ ನೋಡುವ ಕೆಲಸ ನನ್ನದು. ಆ ಮಾತನ್ನು ನಾನು ಒಪ್ಪುವುದಿಲ್ಲ. ಹಣ ಮೊದಲು ಟೆಸ್ಟಿಂಗ್‌ಗೆ ಹೋಗಲಿ, ಉಳಿದದ್ದು ರೇಸಿಗೆ.

ಕಾರಣ ಸರಳ. ರೇಸಿನ ವಾರಾಂತ್ಯದಲ್ಲಿ ಕಾರು ಟ್ರ್ಯಾಕಿನ ಮೇಲಿರುವ ಹೊತ್ತು ತೀರ ಕಡಿಮೆ. ಒಂದೆರಡು ಅಭ್ಯಾಸದ ಅವಧಿಗಳು, ರೇಸಿನಲ್ಲಿ ಯಾರು ಎಲ್ಲಿಂದ ಹೊರಡಬೇಕೆಂದು ತೀರ್ಮಾನಿಸುವ ಸುಮಾರು ಕಾಲು ಗಂಟೆಯ ಅರ್ಹತಾ ಸುತ್ತು, ಆಮೇಲೆ ರೇಸು. ಅಲ್ಲಿ ಕಲಿತದ್ದನ್ನು ತೋರಿಸಬಹುದೇ ಹೊರತು ಹೊಸದಾಗಿ ಕಲಿಯಲು ಬಿಡುವಿರುವುದಿಲ್ಲ. ಕಲಿಯಬೇಕಾದದ್ದಂತೂ ಬಹಳ ಇದೆ.

ಕಾರ್ಟ್‌ಗೆ ಸಸ್ಪೆನ್ಷನ್ ಇಲ್ಲ, ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ. ಹಿಂದಿನ ಎರಡೂ ಚಕ್ರಗಳು ಒಂದೇ ಆಕ್ಸಲ್‌ಗೆ ಬಿಗಿದಿರುತ್ತವೆ. ತಿರುವಿನಲ್ಲಿ ಒಳಗಿನ ಹಿಂಚಕ್ರ ನೆಲ ಬಿಟ್ಟು ಏಳದಿದ್ದರೆ ಗಾಡಿ ತಿರುಗಲು ಒಪ್ಪುವುದಿಲ್ಲ. ಆದ್ದರಿಂದ ಕಾರ್ಟ್ ಮಕ್ಕಳ ಕೈ ಸ್ಟೀರಿಂಗನ್ನು ಥಟ್ಟನೆ ಎಳೆಯುತ್ತದೆ. ಅದೇ ಕೈ ಫಾರ್ಮುಲಾ 4 ಕಾರಿನಲ್ಲಿ ಮುಂದಿನ ಟೈರುಗಳನ್ನು ಉಜ್ಜಿ ಹಾಕುತ್ತದೆ, ಕಾರು ಮೂಗು ಹೊರಗೆ ಹಾಕಿಕೊಂಡು ಹೋಗುತ್ತದೆ. ಇದು ಬೇಗ ಸರಿಹೋಗುವ ವಿಷಯ.

ಬ್ರೇಕ್ ಅಷ್ಟು ಬೇಗ ಸರಿಹೋಗುವುದಿಲ್ಲ. ಪೆಡಲ್ ಮೇಲಿನ ಒತ್ತಡ ಲ್ಯಾಪ್‌ಟಾಪಿನಲ್ಲಿ ಒಂದು ಗೆರೆಯಾಗಿ ಕಾಣಿಸುತ್ತದೆ. ಪಳಗಿದ ಚಾಲಕರ ಗೆರೆ ಗೋಡೆಯಂತೆ ನೆಟ್ಟಗೆ ಮೇಲೇರಿ, ತಿರುವಿನ ಒಳಬಿಂದುವಿನವರೆಗೆ ಇಳಿಜಾರಾಗಿ ಇಳಿಯುತ್ತದೆ. ಕಾರ್ಟಿಂಗ್‌ನಿಂದ ಈಗಷ್ಟೇ ಬಂದವರ ಗೆರೆ ಮೆಲ್ಲಗೆ ಏರಿ ನಡುವೆ ಉಬ್ಬುತ್ತದೆ. ಇದು ಯಾಕೆ ತಪ್ಪು? ರೆಕ್ಕೆಗಳು ಕಾರನ್ನು ನೆಲಕ್ಕೆ ಅದುಮುವ ಬಲ, ಅಂದರೆ ಡೌನ್‌ಫೋರ್ಸ್, ವೇಗ ಹೆಚ್ಚಿದ್ದಾಗಲೇ ಹೆಚ್ಚು. ಆದ್ದರಿಂದ ಬ್ರೇಕಿನ ಮೊದಲ ಕ್ಷಣದಲ್ಲಿ ಬಲವಾಗಿ ತುಳಿದರೂ ಟೈರ್ ತಡೆದುಕೊಳ್ಳುತ್ತದೆ. ವೇಗ ಇಳಿದಂತೆ ಆ ಬಲವೂ ಇಳಿಯುತ್ತದೆ, ಕಾಲೂ ಜೊತೆಗೇ ಸಡಿಲವಾಗಬೇಕು. ತಡವಾಗಿ ಬಲ ಹಾಕಿದರೆ ಚಕ್ರ ಕಚ್ಚಿಕೊಂಡು ಜಾರುತ್ತದೆ. ಈ ಕಾರುಗಳಲ್ಲಿ ಎಬಿಎಸ್ ಇಲ್ಲ, ಟ್ರ್ಯಾಕ್ಷನ್ ಕಂಟ್ರೋಲ್ ಇಲ್ಲ. ಅನೇಕ ಕಾರ್ಟ್ ವರ್ಗಗಳಲ್ಲಿ ಹಿಂದಿನ ಆಕ್ಸಲ್‌ಗೆ ಮಾತ್ರ ಬ್ರೇಕ್ ಇರುವುದರಿಂದ ವರ್ಷಗಟ್ಟಲೆ ಬೇರೆಯದೇ ಅಭ್ಯಾಸ ಬೇರೂರಿರುತ್ತದೆ. ಅದನ್ನು ಕಾಲಿನಿಂದ ಬಿಡಿಸಲು ಟೆಸ್ಟ್ ದಿನಗಳೇ ಬೇಕು.

ಎರಡನೆಯದು ಹೊಸ ಟೈರು. ಮೊದಲ ವರ್ಷದ ಚಾಲಕರು ಹಿಂದೆ ಬೀಳುವುದು ಬಹುಪಾಲು ಇಲ್ಲೇ, ಆದರೂ ತಂದೆತಾಯಿಯರು ಇದನ್ನು ಕೇಳುವುದೇ ಇಲ್ಲ. ಒಂದು ಚಾಂಪಿಯನ್‌ಷಿಪ್‌ನಲ್ಲಿ ಎಲ್ಲರದೂ ಒಂದೇ ಬಗೆಯ ಕಾರು, ಒಂದೇ ಎಂಜಿನ್, ಒಂದೇ ಟೈರು. ಹಾಗಾಗಿ ಅರ್ಹತಾ ಸುತ್ತಿನಲ್ಲಿ ಕೆಲವೇ ದಶಾಂಶ ಸೆಕೆಂಡಿನೊಳಗೆ ಹತ್ತಾರು ಕಾರುಗಳು ತುಂಬಿರುತ್ತವೆ. ಮೇಲ್ಮೈಯಲ್ಲಿ ಗೀರುಗಳಿಲ್ಲದ ಹೊಸ ಸ್ಲಿಕ್ ಟೈರು ತನ್ನ ಉತ್ತಮ ಹಿಡಿತ ಕೊಡುವುದು ಒಂದೆರಡು ಲ್ಯಾಪ್ ಮಾತ್ರ. ಅದಕ್ಕೆ ಮುಂಚೆ ಟೈರನ್ನು ಬಿಸಿ ಮಾಡುವ ಲ್ಯಾಪಿನಲ್ಲಿ ತೀರ ಮೆಲ್ಲಗೆ ಹೋದರೆ ಮುಂದಿನವು ತಣ್ಣಗಿರುತ್ತವೆ, ತೀರ ಜೋರಾಗಿ ಹೋದರೆ ಹಿಂದಿನವು ಬೆಂದುಹೋಗುತ್ತವೆ. ಆಮೇಲೆ ಆ ಒಂದು ಲ್ಯಾಪಿನಲ್ಲಿ, ಅಂದು ಅದುವರೆಗೆ ಎಲ್ಲಿಯೂ ಬ್ರೇಕ್ ಹಾಕದಷ್ಟು ತಡವಾಗಿ, ಹಿಡಿತ ಇದ್ದೇ ಇರುತ್ತದೆ ಎಂದು ನಂಬಿ ಹಾಕಬೇಕು. ಎದುರಿಗೆ ನಿಧಾನದ ಕಾರು ಸಿಕ್ಕಿತೋ, ಮುಗಿಯಿತು.

ಟೈರಿನ ಸೆಟ್ಟುಗಳಿಗೆ ಮಿತಿ ಇರುವುದರಿಂದ ಅಭ್ಯಾಸವೆಲ್ಲ ಸವೆದ ಟೈರಿನಲ್ಲೇ ನಡೆಯುತ್ತದೆ. ಟೆಸ್ಟಿಂಗ್‌ನಲ್ಲೂ ಖರ್ಚು ಉಳಿಸಲು ತಂಡಗಳು ಹಳೆಯವನ್ನೇ ಓಡಿಸುತ್ತವೆ. ಪಾಪ, ಹುಡುಗಿಗೆ ಹೊಸ ಟೈರಿನ ಪರಿಚಯವಾಗುವುದು ಅರ್ಹತಾ ಸುತ್ತಿನಲ್ಲೇ! ಆದ್ದರಿಂದ ತಂಡದೊಡನೆ ಮಾತನಾಡುವಾಗ ಎಷ್ಟು ಟೆಸ್ಟ್ ದಿನ ಎಂದಷ್ಟೇ ಕೇಳಬೇಡಿ. ಪ್ರತಿ ದಿನ ಹೊಸ ಸೆಟ್ ಎಷ್ಟು, ಅದರಲ್ಲಿ ಅರ್ಹತಾ ಸುತ್ತಿನ ತಾಲೀಮು ಮಾಡಿಸುತ್ತೀರಾ ಎಂದು ಕೇಳಿ. ನನ್ನ ಮಟ್ಟಿಗೆ, ಹೊಸ ಟೈರಿರುವ ಒಂದು ದಿನ ಹಳೆಯ ಟೈರಿನ ಎರಡು ದಿನಕ್ಕಿಂತ ಮೇಲು.

ಬಲದ ವಿಷಯ. ಫಾರ್ಮುಲಾ 4ರಲ್ಲಿ ಪವರ್ ಸ್ಟೀರಿಂಗ್ ಇಲ್ಲ, ನಿಜ. ವೇಗದ ತಿರುವುಗಳಲ್ಲಿ ತೋಳು, ಭುಜ, ಕತ್ತು ಮೂರೂ ದುಡಿಯಬೇಕು. ಬ್ರೇಕಿಗೆ ಕಾಲಿನ ಬಲವೂ ಬೇಕು. ಇದು ತಾಲೀಮಿನಿಂದ ಬರುತ್ತದೆ. 2024ರಲ್ಲಿ ಆಬಿ ಪುಲ್ಲಿಂಗ್ ಬ್ರಾಂಡ್ಸ್ ಹ್ಯಾಚ್‌ನಲ್ಲಿ ಬ್ರಿಟಿಷ್ ಫಾರ್ಮುಲಾ 4 ರೇಸ್ ಗೆದ್ದ ಮೊದಲ ಮಹಿಳೆಯಾದರು, ಅದೇ ವರ್ಷ ಮಹಿಳೆಯರಿಗಾಗಿಯೇ ಇರುವ ಎಫ್1 ಅಕಾಡೆಮಿ ಸರಣಿಯ ಚಾಂಪಿಯನ್ ಕೂಡ ಆದರು. ಅಲ್ಲಿಯೂ ಓಡುವುದು ಫಾರ್ಮುಲಾ 4 ಕಾರೇ. ಕತ್ತಿನ ವ್ಯಾಯಾಮವನ್ನು ಮೊದಲ ಟೆಸ್ಟಿಗೆ ಕೆಲವು ತಿಂಗಳು ಮುಂಚೆಯೇ, ಬಲ್ಲವರ ಕೈಯಲ್ಲಿ ಶುರುಮಾಡಿಸಿ.

ಪೂರ್ತಿಯೋ ಅರ್ಧವೋ? ಹದಿನೈದು ತುಂಬುವ ತನಕ ಹೇಗೂ ರೇಸಿಗೆ ಇಳಿಯುವಂತಿಲ್ಲ. ಸೀಸನ್ನಿನ ನಡುವೆ ಹುಟ್ಟುಹಬ್ಬ ಬಂದರೆ ಕೊನೆಯ ಕೆಲವು ರೇಸ್ ವಾರಾಂತ್ಯಗಳಲ್ಲಿ ಮಾತ್ರ ಓಡಿಸಿ, ಚಳಿಗಾಲವಿಡೀ ಟೆಸ್ಟ್ ಮಾಡಿಸಿ, ಮರುವರ್ಷ ಪೂರ್ತಿ ಸೀಸನ್ ಮಾಡಿಸಿ. ಇಟಲಿಯ ಚಾಲಕ ಆಂಡ್ರಿಯಾ ಕಿಮಿ ಆಂಟೊನೆಲಿ ಹೀಗೆಯೇ 2021ರ ಕೊನೆಯ ರೇಸ್ ವಾರಾಂತ್ಯಗಳಲ್ಲಿ ಇಟಾಲಿಯನ್ ಫಾರ್ಮುಲಾ 4ಕ್ಕೆ ಬಂದು, 2022ರಲ್ಲಿ ಚಾಂಪಿಯನ್ ಆದ. ಅವನ ಬೆನ್ನಿಗೆ ಫಾರ್ಮುಲಾ 1ರ ಮರ್ಸಿಡಿಸ್ ತಂಡ ಇತ್ತು ಎನ್ನುವುದನ್ನು ಮರೆಯಬಾರದು, ಆದರೆ ಕ್ರಮ ಎಲ್ಲರಿಗೂ ಒಂದೇ. ಫಾರ್ಮುಲಾ 1ರಲ್ಲಿ ಓಡಿಸಲು ಬೇಕಾದ ಸೂಪರ್ ಲೈಸೆನ್ಸ್‌ನ ಅಂಕಗಳ ಚಿಂತೆ ಈಗ ಬೇಡ. ಅದಕ್ಕೆ ಬೇಕಾದದ್ದು 40 ಅಂಕ, ಫಾರ್ಮುಲಾ 4 ಚಾಂಪಿಯನ್‌ಗೇ ಸಿಗುವುದು 12.

ಗೆಲುವಿನ ಲೆಕ್ಕವೂ ಬೇಡ. ಫಾರ್ಮುಲಾ 4ಕ್ಕಿಂತ ಮೇಲಿನ ಹಂತವಾದ ಎಫ್‌ಐಎ ಫಾರ್ಮುಲಾ 3ರ 2020ರ ಸೀಸನ್ ನೋಡಿ. ಚಾಂಪಿಯನ್ ಆದ ಆಸ್ಕರ್ ಪಿಯಾಸ್ಟ್ರಿ 18 ರೇಸುಗಳಲ್ಲಿ ಗೆದ್ದದ್ದು ಎರಡೇ. ಮೂರು ಗೆದ್ದ ಲಿಯಾಮ್ ಲಾಸನ್ ಐದನೆಯವನಾದ. ಇಟಲಿಯ ಮುಗೆಲ್ಲೋ ಟ್ರ್ಯಾಕಿನಲ್ಲಿ ಕೊನೆಯ ರೇಸಿಗೆ ಹೊರಟಾಗ ಪಿಯಾಸ್ಟ್ರಿ ಮತ್ತು ಲೋಗನ್ ಸಾರ್ಜೆಂಟ್ ಇಬ್ಬರದೂ 160 ಅಂಕ. ಸಾರ್ಜೆಂಟ್ ಮೊದಲ ಲ್ಯಾಪಿನಲ್ಲೇ ಡಿಕ್ಕಿಯಾಗಿ ಹೊರಬಿದ್ದ. ಪಿಯಾಸ್ಟ್ರಿ ಹನ್ನೊಂದನೆಯ ಸ್ಥಾನದಿಂದ ಹೊರಟು ಏಳನೆಯವನಾಗಿ ಮುಗಿಸಿ ನಾಲ್ಕು ಅಂಕ ತಂದ. ಪ್ರಶಸ್ತಿಯ ಪೈಪೋಟಿಯಲ್ಲಿದ್ದ ಥಿಯೋ ಪೌರ್ಷೇರ್ 161ಕ್ಕೆ ನಿಂತ. ಏಳನೆಯ ಸ್ಥಾನದಲ್ಲಿ ಪ್ರಶಸ್ತಿ! ಮಗಳು ಎಂಟನೆಯವಳಾಗಿ ಕಾರನ್ನು ಇಡಿಯಾಗಿ ತಂದ ದಿನ ಮುಖ ಸಣ್ಣ ಮಾಡಬೇಡಿ.

ತಂಡ ಆರಿಸುವಾಗ ಹೆಸರಿಗಿಂತ ನಿಮ್ಮ ಮಗಳ ಕಾರಿಗೆ ಯಾವ ಇಂಜಿನಿಯರ್, ಆತ ಸೀಸನ್ ಪೂರ್ತಿ ಇರುತ್ತಾನೆಯೇ ಎಂದು ವಿಚಾರಿಸಿ. ಅದೇ ತಂಡದಲ್ಲಿ ಒಬ್ಬರಾದರೂ ಎರಡನೆಯ ವರ್ಷದ ವೇಗದ ಚಾಲಕರಿರಲಿ. ಅವರ ಡೇಟಾ ಪಕ್ಕದಲ್ಲಿಟ್ಟು ನೋಡುವುದಕ್ಕಿಂತ ದೊಡ್ಡ ಪಾಠ ಇಲ್ಲ, ಆ ಡೇಟಾ ಬಚ್ಚಿಡದೆ ತೋರಿಸುತ್ತೇವೆ ಎಂಬ ಮಾತು ಬರಹದಲ್ಲಿರಲಿ. ಡಿಕ್ಕಿಯಾದರೆ ರಿಪೇರಿ ಯಾರ ಲೆಕ್ಕಕ್ಕೆ, ವಿಮೆ ಎಷ್ಟರವರೆಗೆ, ತಪ್ಪು ಎದುರಿನವರದಾದರೂ ನೀವೇ ಕಟ್ಟಬೇಕೇ ಎನ್ನುವುದೂ ಅಷ್ಟೇ. ಬಹಳ ಕಡೆ ನೀವೇ ಕಟ್ಟಬೇಕು. ಟೆಸ್ಟಿಂಗ್‌ನ ಹಣ ಹೆಚ್ಚಾಗಿ ಕರಗುವುದು ಇಲ್ಲಿಯೇ.

ಕೊನೆಗೆ ಸೀಟು. ಅವಳ ಮೈಗೆ ಅಚ್ಚು ಹಾಕಿ ಮಾಡಿಸಿದ ಸೀಟು ಈ ವಯಸ್ಸಿನಲ್ಲಿ ಸೀಸನ್ ಮುಗಿಯುವವರೆಗೆ ಹೊಂದುತ್ತದೆ ಎಂಬ ಭರವಸೆ ಇಲ್ಲ. ಮಂಡಿ ಸ್ಟೀರಿಂಗ್‌ಗೆ ತಾಗುತ್ತಿದೆ, ಸೊಂಟ ನೋಯುತ್ತಿದೆ ಎಂದು ಮಕ್ಕಳು ಬಾಯಿಬಿಟ್ಟು ಹೇಳುವುದಿಲ್ಲ. ನಡುವಿನ ಬಿಡುವಿನಲ್ಲಿ ಪೆಡಲ್ ಅಂತರವನ್ನೂ ಸೀಟನ್ನೂ ಮತ್ತೊಮ್ಮೆ ನೋಡಿಸಿ. ಇದಕ್ಕೆ ಹೆಚ್ಚು ಹಣ ಬೇಕಾಗಿಲ್ಲ, ಒಂದು ಮಧ್ಯಾಹ್ನ ಸಾಕು.