ಆತ್ಮವನ್ನು ತಕ್ಕಡಿಯಲ್ಲಿ ತೂಗಬಹುದೇ? ಒಬ್ಬ ಓದುಗರಿಗೆ ಸಂಪಾದಕರ ಉತ್ತರ

ನಮಸ್ಕಾರ ಮೇಷ್ಟ್ರೇ,

ಕಳೆದ ಸಂಚಿಕೆಯ ಆತ್ಮದ ಲೇಖನ ನಿಮಗೆ ಹಿಡಿಸಲಿಲ್ಲ ಅಂತ ಬರೆದಿದ್ದೀರಿ. ಪಶ್ಚಿಮದವರಿಗೆ ದೇಹವೇ ಎಲ್ಲ, ಆತ್ಮವನ್ನು ಕಂಡವರು ನಾವು ಮಾತ್ರ ಅನ್ನುವುದು ನಿಮ್ಮ ಮೊದಲ ಮಾತು. ಅವರ ವಿಜ್ಞಾನವೇ ಈಗ ಆತ್ಮಕ್ಕೆ 21 ಗ್ರಾಂ ತೂಕ ಇದೆ ಅಂತ ಒಪ್ಪಿದೆ ಅನ್ನುವುದು ಎರಡನೆಯದು. ಕೊನೆಗೆ, ನೀವು ಆತ್ಮವನ್ನು ನಂಬುತ್ತೀರೋ ಇಲ್ಲವೋ ನೇರವಾಗಿ ಹೇಳಿ ಅಂತ ಕೇಳಿದ್ದೀರಿ. ನಾಲ್ಕು ಸಾಲಿನಲ್ಲಿ ಮುಗಿಸುವ ವಿಷಯ ಇದಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಆ 21 ಗ್ರಾಂ ನೋಡೋಣ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಡಂಕನ್ ಮ್ಯಾಕ್‌ಡೂಗಲ್ ಅಂತ ಒಬ್ಬ ವೈದ್ಯರಿದ್ದರು. ಸಾಯುವ ಸ್ಥಿತಿಯಲ್ಲಿದ್ದ 6 ರೋಗಿಗಳನ್ನು ಮಂಚದ ಸಮೇತ ತಕ್ಕಡಿಯ ಮೇಲೆ ಮಲಗಿಸಿ, ಪ್ರಾಣ ಹೋಗುವ ಹೊತ್ತಿಗೆ ತೂಕ ಎಷ್ಟು ಇಳಿಯುತ್ತದೆ ಅಂತ ನೋಡಿದರು. ಅದನ್ನು 1907ರಲ್ಲಿ ಪ್ರಕಟಿಸಿದರು. ಸುಮಾರು 21 ಗ್ರಾಂ ಇಳಿದದ್ದು ಮೊದಲ ರೋಗಿಯಲ್ಲಿ ಮಾತ್ರ. ಉಳಿದವರ ಲೆಕ್ಕ ಒಂದಕ್ಕೊಂದು ತಾಳೆಯಾಗಲಿಲ್ಲ, ಇಬ್ಬರ ಲೆಕ್ಕವನ್ನು ಅವರೇ ಕೈಬಿಟ್ಟರು. ಆಮೇಲೆ 15 ನಾಯಿಗಳನ್ನು ತೂಗಿದರು. ಅವುಗಳ ತೂಕ ಇಳಿಯಲಿಲ್ಲ, ಹಾಗಾಗಿ ನಾಯಿಗಳಿಗೆ ಆತ್ಮವಿಲ್ಲ ಅನ್ನುವ ತೀರ್ಮಾನಕ್ಕೆ ಬಂದರು. ಇದನ್ನು ನೀವು ಒಪ್ಪುತ್ತೀರಾ ಮೇಷ್ಟ್ರೇ? ಶ್ರವಣಬೆಳಗೊಳದ ಜೈನ ಮುನಿಗಳಂತೂ ಒಪ್ಪುವುದಿಲ್ಲ, ಅವರಿಗೆ ಇರುವೆಯಲ್ಲೂ ಜೀವ ಇದೆ, ನೀರಿನಲ್ಲೂ ಇದೆ.

ಇಂಥದ್ದೇ ಪ್ರಯೋಗದ ಕಥೆ ನಮ್ಮಲ್ಲಿ ಬಹಳ ಹಿಂದೆಯೇ ಇದೆ. ಬೌದ್ಧರ ದೀಘನಿಕಾಯ ಅನ್ನುವ ಹಳೆಯ ಗ್ರಂಥದಲ್ಲಿ ಪಾಯಾಸಿ ಅನ್ನುವ ದೊರೆ ಬರುತ್ತಾನೆ. ಪರಲೋಕವೂ ಇಲ್ಲ, ಪುನರ್ಜನ್ಮವೂ ಇಲ್ಲ ಅನ್ನುವುದು ಅವನ ಹಟ. ಒಬ್ಬ ಕಳ್ಳನನ್ನು ಬದುಕಿದ್ದಾಗ ತೂಗಿಸುತ್ತಾನೆ, ಉಸಿರುಗಟ್ಟಿಸಿ ಕೊಲ್ಲಿಸಿ ಮತ್ತೆ ತೂಗಿಸುತ್ತಾನೆ. ಹೆಣವೇ ಜಾಸ್ತಿ ತೂಗಿತು ಅನ್ನುತ್ತಾನೆ! ಇನ್ನೊಬ್ಬನನ್ನು ಹಂಡೆಯೊಳಗೆ ಕೂರಿಸಿ, ಹಂಡೆಯ ಬಾಯಿ ಮುಚ್ಚಿ, ಜೀವ ಹೊರಗೆ ಬರುವುದು ಕಾಣುತ್ತದಾ ಅಂತ ಕಾಯಿಸುತ್ತಾನೆ. ಏನೂ ಕಾಣಲಿಲ್ಲ. ನೋಡಿ, ವೈದ್ಯರು ಆತ್ಮ ಇದೆ ಅಂತ ತೋರಿಸಲು ತಕ್ಕಡಿ ಹಿಡಿದರು, ದೊರೆ ಇಲ್ಲ ಅಂತ ತೋರಿಸಲು ಹಿಡಿದ. ಇಬ್ಬರೂ ಅದನ್ನು ಒಳಗೆ ಅಡಗಿಕೊಂಡ ಒಂದು ವಸ್ತು ಅಂತಲೇ ಎಣಿಸಿದರು.

ಇನ್ನು ಪಶ್ಚಿಮದವರಿಗೆ ದೇಹವೇ ಎಲ್ಲ ಅನ್ನುವ ಮಾತು. ಕ್ರಿ.ಪೂ. 399ರಲ್ಲಿ ಸಾಕ್ರಟೀಸ್ ಸೆರೆಮನೆಯಲ್ಲಿ ವಿಷ ಕುಡಿಯಬೇಕಾದ ದಿನ, ಇಡೀ ಹೊತ್ತು ಆತ್ಮ ಸಾಯುವುದಿಲ್ಲ ಅಂತ ಗೆಳೆಯರ ಜೊತೆ ವಾದಿಸುತ್ತಾ ಕೂತಿದ್ದ ಅಂತ ಪ್ಲೇಟೋ ಬರೆದಿದ್ದಾನೆ. ನಿನ್ನನ್ನು ಹೇಗೆ ಮಣ್ಣು ಮಾಡೋಣ ಅಂತ ಗೆಳೆಯ ಕ್ರೈಟೋ ಕೇಳಿದರೆ, ಹೇಗಾದರೂ ಮಾಡಿ, ನಾನು ನಿಮ್ಮ ಕೈಗೆ ಸಿಕ್ಕಿದರೆ ತಾನೇ ಅಂದನಂತೆ. ಅರಿಸ್ಟಾಟಲ್ ಗಿಡಕ್ಕೂ ಒಂದು ಬಗೆಯ ಆತ್ಮ ಇದೆ ಎಂದ. ಇತ್ತ ನಮ್ಮಲ್ಲಿ ದೇಹವೇ ಎಲ್ಲ ಎಂದ ಚಾರ್ವಾಕರಿದ್ದರು. 'ನಾನು' ಅನ್ನುವ ಸ್ಥಿರವಾದ ವಸ್ತು ಇಲ್ಲವೇ ಇಲ್ಲ ಎಂದ ಬುದ್ಧ ಇದ್ದ. ನಮ್ಮ ಕರ್ನಾಟಕದಲ್ಲೇ ನೋಡಿ, ಶೃಂಗೇರಿಯ ಅದ್ವೈತಕ್ಕೂ ಉಡುಪಿಯ ಮಧ್ವಮತಕ್ಕೂ ಜೀವ ಒಂದೋ ಹಲವೋ, ಬ್ರಹ್ಮವೇ ಜೀವವೋ ಬೇರೆಯೋ ಅನ್ನುವ ಜಗಳ ಇವತ್ತಿಗೂ ಮುಗಿದಿಲ್ಲ. 'ನಾವು' ಅಂತ ಒಟ್ಟಾಗಿ ಹೇಳಿದರೆ ಇವರಲ್ಲಿ ಯಾರು?

ನನಗೆ ತುಂಬ ಇಷ್ಟವಾದ ಒಂದು ಪ್ರಶ್ನೆ ಇದೆ. 1643ರಲ್ಲಿ ಬೊಹೀಮಿಯಾದ ರಾಜಕುಮಾರಿ ಎಲಿಜಬೆತ್ ಫ್ರೆಂಚ್ ತತ್ವಜ್ಞಾನಿ ಡೆಕಾರ್ಟ್‌ಗೆ ಬರೆದದ್ದು. ಆಗ ಆಕೆಗೆ 24 ವರ್ಷ. ಆತ್ಮ ಬೇರೆ, ದೇಹ ಬೇರೆ, ಆತ್ಮಕ್ಕೆ ಉದ್ದ ಅಗಲ ಏನೂ ಇಲ್ಲ ಅನ್ನುವುದು ಡೆಕಾರ್ಟ್ ವಾದ. ಹಾಗಿದ್ದರೆ ಅದು ಕೈಕಾಲನ್ನು ಆಡಿಸುವುದು ಹೇಗೆ ಅಂತ ಆಕೆ ಕೇಳಿದಳು. ತಳ್ಳಬೇಕಾದರೆ ತಾಗಬೇಕಲ್ವಾ? ಡೆಕಾರ್ಟ್ ಸುತ್ತಿ ಬಳಸಿ ಉತ್ತರ ಕೊಟ್ಟ, ಆಕೆ ಬಿಡಲಿಲ್ಲ. ಇದೇ ಪ್ರಶ್ನೆಯನ್ನು ನೂರಾರು ವರ್ಷ ಮೊದಲೇ ಶಂಕರರು ಸಾಂಖ್ಯ ದರ್ಶನದವರಿಗೆ ಕೇಳಿದ್ದರು. ಸಾಂಖ್ಯರ ಪುರುಷ, ಅಂದರೆ ಆತ್ಮ, ಏನೂ ಮಾಡದವನು. ಪ್ರಕೃತಿಗೆ, ಅಂದರೆ ದೇಹ, ಮನಸ್ಸು, ಜಗತ್ತು ಎಲ್ಲ ಸೇರಿದ್ದಕ್ಕೆ, ಅರಿವಿಲ್ಲ. ಕಣ್ಣಿಲ್ಲದವನ ಹೆಗಲ ಮೇಲೆ ಕಾಲಿಲ್ಲದವನು ಕೂತಂತೆ ಇಬ್ಬರೂ ಸೇರಿ ಸಾಗುತ್ತಾರೆ ಅನ್ನುವುದು ಅವರ ಉದಾಹರಣೆ. ಕಾಲಿಲ್ಲದವನು ಬಾಯಿಬಿಟ್ಟು ದಾರಿ ಹೇಳಬಲ್ಲ, ಏನೂ ಮಾಡದ ಪುರುಷ ಹೇಗೆ ಹೇಳುತ್ತಾನೆ ಅಂತ ಬ್ರಹ್ಮಸೂತ್ರ ಭಾಷ್ಯದಲ್ಲಿ ಶಂಕರರು ಹಿಡಿದು ಕೇಳುತ್ತಾರೆ. ಎಲಿಜಬೆತ್, ಶಂಕರರು ಇಬ್ಬರಲ್ಲಿ ಒಬ್ಬರ ಸುದ್ದಿ ಇನ್ನೊಬ್ಬರಿಗೆ ಗೊತ್ತಿಲ್ಲ, ಆದರೂ ಇಬ್ಬರ ಬೆರಳು ಒಂದೇ ಜಾಗವನ್ನು ಮುಟ್ಟಿತು. ಪೂರ್ವ, ಪಶ್ಚಿಮ ಅಂತ ಸುಮ್ನೆ ಗೆರೆ ಎಳೆದುಬಿಟ್ಟರೆ ಇದು ಕಣ್ಣಿಗೇ ಬೀಳುವುದಿಲ್ಲ.

ಹಾಗಂತ ವ್ಯತ್ಯಾಸವೇ ಇಲ್ಲ ಅಂತಲ್ಲ. ಮನಸ್ಸನ್ನು ಯಾವ ಕಡೆ ಇಡಬೇಕು ಅನ್ನುವಲ್ಲಿ ದೊಡ್ಡ ವ್ಯತ್ಯಾಸ ಇದೆ. ಡೆಕಾರ್ಟ್‌ಗೆ ಯೋಚಿಸುವುದು, ಸಂಶಯಪಡುವುದು, ಬಯಸುವುದು ಎಲ್ಲ ಆತ್ಮದ್ದೇ ಕೆಲಸ. ಸಾಂಖ್ಯ, ಅದ್ವೈತಗಳಲ್ಲಿ ಮನಸ್ಸು, ಬುದ್ಧಿ, ಅಹಂಕಾರ ಎಲ್ಲವೂ ಪ್ರಕೃತಿಯ ಕಡೆ, ದೇಹದ ಕಡೆ ಸೇರಿದವು. ಕಠೋಪನಿಷತ್ತಿನ ರಥ ನಿಮಗೆ ಗೊತ್ತೇ ಇದೆ: ಬುದ್ಧಿ ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳು ಕುದುರೆ, ಆತ್ಮ ರಥದೊಳಗೆ ಕೂತವನು. ಪ್ಲೇಟೋ ಕೂಡ ರಥದ ಚಿತ್ರ ಕೊಟ್ಟಿದ್ದಾನೆ. ಅಲ್ಲಿ ಸಾರಥಿ, ಒಳ್ಳೆಯ ಕುದುರೆ, ಪುಂಡ ಕುದುರೆ ಮೂರೂ ಸೇರಿ ಆತ್ಮ. ಹಿಂದೆ ಕೂತ ಒಡೆಯ ಅಂತ ಬೇರೆ ಯಾರೂ ಇಲ್ಲ. ನಮ್ಮಲ್ಲೂ ಎಲ್ಲರೂ ಹೀಗೆ ಹೇಳುವುದಿಲ್ಲ ಅನ್ನಿ, ನ್ಯಾಯ ದರ್ಶನದ ನೈಯಾಯಿಕರು ಆಸೆ, ದ್ವೇಷ, ಸುಖ, ದುಃಖ ಎಲ್ಲ ಆತ್ಮದ ಗುಣವೇ ಅನ್ನುತ್ತಾರೆ.

ಈಗ ನಿಮ್ಮ ಕೊನೆಯ ಪ್ರಶ್ನೆ. ಸಾಕ್ಷಿ, ಅಂದರೆ ಮನಸ್ಸಿನಲ್ಲಿ ಆಗುವುದನ್ನು ಸುಮ್ಮನೆ ನೋಡುತ್ತಿರುವ ಅರಿವು, ಅನ್ನುವ ವಿಚಾರ ನನಗೆ ಒಪ್ಪಿಗೆ. ಸಿಟ್ಟು ನೆತ್ತಿಗೇರಿದಾಗಲೂ ಸಿಟ್ಟು ಬಂದಿದೆ ಅಂತ ಗೊತ್ತಾಗುತ್ತಿರುತ್ತದೆ, ಹಾಗೆ ಗೊತ್ತಾಗುವುದು ಸಿಟ್ಟಲ್ಲ. ಅದನ್ನು ನಾನು ಅನುಭವದಿಂದ ಬಲ್ಲೆ. ಆದರೆ ಆ ಅರಿವು ದೇಹ ಬಿದ್ದ ಮೇಲೂ ಉಳಿಯುತ್ತದೆ ಅನ್ನುವುದು ಬೇರೆಯೇ ಮಾತು, ಮೊದಲನೆಯದನ್ನು ಒಪ್ಪಿದ ಮಾತ್ರಕ್ಕೆ ಎರಡನೆಯದನ್ನೂ ಒಪ್ಪಲು ನನ್ನಿಂದ ಆಗುವುದಿಲ್ಲ. ನಿಮಗೆ ಆಗುತ್ತದೆ ಅಂದರೆ ಆ ನಡುವಿನ ದಾರಿ ಯಾವುದು ಅಂತ ವಿವರವಾಗಿ ಬರೆದು ಕಳಿಸಿ ಮೇಷ್ಟ್ರೇ. ಒಂದಕ್ಷರವನ್ನೂ ಕತ್ತರಿಸದೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

ಸಂಪಾದಕ