‘ವಾಜಿ’ ಅಂದರೆ ಹೋಗು ಅಂತಲ್ಲ

ತಂಗಿ, ನಿನ್ನ ಪ್ರಶ್ನೆ ಓದಿ ನಗು ಬಂತು. ಫ್ರಾನ್ಸಿನ ಲಿಯೋಂಗೆ ಬಂದು ಮೂರು ವಾರ, ಲ್ಯಾಬಿನಲ್ಲಿ ಮಾತಾಡೋಕೆ ಎದ್ದು ನಿಂತರೆ ಎಲ್ಲರೂ ‘ವಾಜಿ, ವಾಜಿ’ ಅಂದರು, ಫ್ರೆಂಚ್ ಡಿಕ್ಷನರಿಯಲ್ಲಿ ‘ಅಲ್ಲಿಗೆ ಹೋಗು’ ಅಂತಿದೆ, ಹುರಿದುಂಬಿಸಿದರೋ ಓಡಿಸಿದರೋ ಅಂತ ಕೇಳಿದ್ದೀಯ. ಹುರಿದುಂಬಿಸಿದ್ದು ಮಾರಾಯ್ತಿ! ‘ಹೂಂ, ಶುರು ಮಾಡು’ ಅಂತ. ಅದನ್ನೇ ಮುಖ ಸಿಂಡರಿಸಿ ಎಳೆದು ಅಂದರೆ ಮಾತ್ರ ‘ಸಾಕು ಬಿಡು’ ಅಂತ. ಹೊರಟವರಿಗೂ ‘ಹೋಗಿ ಬಾ’ ಅನ್ನುವ ಜನ ನಾವು, ಬರೀ ‘ಹೋಗು’ ಕಿವಿಗೆ ಬಿದ್ದರೆ ಕಸಿವಿಸಿ ಆಗುತ್ತೆ, ಅಲ್ವಾ?

ನಿನ್ನ ಉಳಿದ ಪ್ರಶ್ನೆಗಳಿಗೆ ಚುಟುಕಾಗಿ: ಅಕ್ಕಿ, ಬೇಳೆಗೆ ಗಿಯೋತಿಯೇರ್ ಬಡಾವಣೆ ಕಡೆ ಹೋಗು. ವಿದ್ಯಾರ್ಥಿಗಳ ಪಾರ್ಟ್ ಟೈಮ್ ಕೆಲಸ ವರ್ಷಕ್ಕೆ 964 ಗಂಟೆ ಮೀರಬಾರದು. ಚಳಿ ಅಭ್ಯಾಸ ಆಗುತ್ತೆ.

ತು, ವು ಬಗ್ಗೆ ಯಾಕೆ ತಲೆ ಕೆಡಿಸಿಕೊಂಡಿದ್ದೀಯ? ನಮ್ಮ ನೀನು, ನೀವು ಹಾಗೇ. ಗೆಳತಿಗೆ ‘ವಾಜಿ’, ಪ್ರೊಫೆಸರ್‌ಗೆ ‘ಅಲೇಜಿ’. ‘ತಿಯಾಂ ಬೋಂ’ ಅಂದರೆ ಗಟ್ಟಿಯಾಗಿರು, ‘ತನೇ ಬೋಂ’ ಅಂದರೆ ಗಟ್ಟಿಯಾಗಿರಿ. ‘ನ ಲಾಶ್ ರಿಯಾಂ’, ಕೈ ಬಿಡಬೇಡ. ಬರೆಯುವಾಗ ಒಂದು ನೋಡಿಕೋ. ತು ಜೊತೆ ‘ವಾ’ ಅಂತ ಆಜ್ಞೆ ಕೊಟ್ಟರೆ ಕೊನೆಗೆ ಎಸ್ ಇಲ್ಲ, ಅದರ ಮುಂದೆ ‘ಇ’ (y) ಸೇರಿದ ಕೂಡಲೇ ಎಸ್ ಬಂದು ಕೂರುತ್ತೆ, ಅದಕ್ಕೇ ವಾಜಿ. ‘ಬೊನ್ ಶಾನ್ಸ್’ ಅದೃಷ್ಟದ ಮಾತು. ದುಡಿಯುವವರಿಗೆ, ಕಷ್ಟದಲ್ಲಿರುವವರಿಗೆ ‘ಬೋಂ ಕುರಾಜ್’, ಧೈರ್ಯ ಇರಲಿ ಅಂತ.

ನನಗೆ ಇದನ್ನೆಲ್ಲ ಕಲಿಸಿದ್ದು ಒಬ್ಬ ಅಜ್ಜಿ. 2009ರಲ್ಲಿ ನಾನು ಬಂದಾಗ ಕ್ರುವಾ ರೂಸ್ ಗುಡ್ಡದ ಮೇಲೆ ಐದನೇ ಮಹಡಿಯಲ್ಲಿ ರೂಮು, ಲಿಫ್ಟ್ ಇಲ್ಲ. ಅವೆಲ್ಲ ರೇಷ್ಮೆ ನೇಕಾರರಿಗೆ ಕಟ್ಟಿದ ಮನೆಗಳು, ಬಟ್ಟೆಯಲ್ಲಿ ಡಿಸೈನ್ ಮೂಡಿಸುವ ಎತ್ತರದ ಜಕಾರ್ಡ್ ಮಗ್ಗ ಹಿಡಿಸಬೇಕು ಅಂತ ಚಾವಣಿಯೇ ಸುಮಾರು 4 ಮೀಟರ್, ಅಂದಮೇಲೆ ಮೆಟ್ಟಿಲು ಎಷ್ಟಿರಬೇಕು ನೀನೇ ಲೆಕ್ಕ ಹಾಕು. (ದೊಡ್ಡಬಳ್ಳಾಪುರದಲ್ಲಿ ನಮ್ಮ ಮನೆ ಮಗ್ಗದ ಮೇಲೆ ಕೂತಿದ್ದ ಜಕಾರ್ಡ್ ಯಂತ್ರ ಈ ಊರಿನವನು ಕಂಡುಹಿಡಿದದ್ದು ಅಂತ ಗೊತ್ತಾದ ದಿನ ಅಪ್ಪನಿಗೆ ಫೋನ್ ಮಾಡಿ ಜಂಬ ಕೊಚ್ಚಿದ್ದೆ.) ಮೊದಲ ದಿನ ರಾಗಿ ಹಿಟ್ಟು, ಚಟ್ನಿಪುಡಿ ತುಂಬಿದ ಸೂಟ್‌ಕೇಸ್ ಎಳೆಯುತ್ತಾ ಮೂರನೇ ಮಹಡಿಯಲ್ಲಿ ಉಸಿರು ಬಿಡುತ್ತಾ ಕೂತೆ. ಬಾಗಿಲು ತೆಗೆದು ಅಜ್ಜಿ ಇಣುಕಿದರು. ಒಂದು ಲೋಟ ನೀರು ಕೊಟ್ಟು ‘ಅಲೇ, ಕುರಾಜ್!’ ಅಂದರು, ‘ನಡಿ ನಡಿ, ಧೈರ್ಯ!’ ಅಂತ. ಆಮೇಲೆ ನಾಲ್ಕು ವರ್ಷ, ನನ್ನ ಹೆಜ್ಜೆ ಸದ್ದು ಕೇಳಿದರೆ ಸಾಕು, ಬಾಗಿಲ ಹಿಂದಿನಿಂದ ‘ಅಲೇ!’

ನಾನು ತಿರುಗಿ ಒಂದು ಸಲವೂ ಹಾಗೆ ಅನ್ನಲಿಲ್ಲ. ನಮ್ಮಜ್ಜಿ ವಯಸ್ಸಿನವರಿಗೆ ‘ಹೀಗೆ ಮಾಡಿ, ಹಾಗಿರಿ’ ಅಂತ ಹೇಳೋಕೆ ನಾನ್ಯಾರು ಅನ್ನೋ ಸಂಕೋಚ. ಸೊಂಟದ ಮೂಳೆ ಮುರಿದು ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಮೆಟ್ಟಿಲ ಮೇಲೆ ಎದುರಾದೆ. ‘ತನೇ ಬೋಂ’ ಬಾಯಿ ತುದಿಯಲ್ಲಿತ್ತು. ಅದು ಆಜ್ಞೆ ಆಯ್ತಲ್ಲ ಅಂತ ನುಂಗಿಕೊಂಡು, ಆಫೀಸಿನಲ್ಲಿ ಕೇಳಿದ್ದ ಮರ್ಯಾದೆಯ ಮಾತು ಹೇಳಿದೆ: ‘ಬೊನ್ ಕೊಂತಿನ್ಯುಆಸ್ಯೋಂ’. ಹೀಗೇ ಮುಂದುವರಿಯಲಿ ಅಂತ ನನ್ನ ಅರ್ಥ. ಆದರೆ ಕೆಲಸ ಬಿಟ್ಟು ಹೋಗುವವರಿಗೆ, ಇನ್ನು ಸಿಗೋದು ಅನುಮಾನ ಅನ್ನುವವರಿಗೆ ಹೇಳುವ ಮಾತದು. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ನಕ್ಕು, ಸ್ಟ್ರೆಚರ್ ಮೇಲಿಂದಲೇ ನನಗೇ ‘ಅಲೇ, ಕುರಾಜ್’ ಅಂದರು. ಅವರು ಆ ಮನೆಗೆ ವಾಪಸ್ ಬರಲಿಲ್ಲ. ನಾನೂ ಈ ವಾರ, ಮುಂದಿನ ವಾರ ಅಂತ ಹೋಗಿ ನೋಡಲಿಲ್ಲ.

ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿ ಮತ್ತೆ ಬರೆಯುತ್ತಿರುವ ನಿನ್ನ ಗೆಳತಿಗೆ ಏನು ಹೇಳಲಿ ಅಂತಲೂ ಕೇಳಿದ್ದೀಯ. ‘ನ ಲಾಶ್ ರಿಯಾಂ’ ಅನ್ನು. ಮೆಸೇಜ್ ಬೇಡ, ಹೋಗಿ ಹೇಳು. ಸೋಮವಾರ ಬೆಳಿಗ್ಗೆ ಅಂದೆಯಲ್ಲ, ಒಂಬತ್ತಕ್ಕೆ ಮೊದಲೇ ಹೋಗು.