ಪುಚ್ಚೆಯ (ಬೆಕ್ಕಿನ) ತುರಿಕೆ: ಮದ್ದು ಹಾಕುವ ಮೊದಲು ಬಾಚಿ ನೋಡಿ

ಅಕ್ಕ, ಮೊದಲು ಒಂದೇ ಮಾತು. ಪುಚ್ಚೆಗೆ ಆ ನಾಯಿಯ ಡ್ರಾಪ್ಸ್ ಹಾಕಬೇಡಿ. ಉಳಿದದ್ದನ್ನು ಕೆಲಸ ಮುಗಿಸಿ ಓದಿದರೂ ಆದೀತು.

ನೀವು ಬರೆದದ್ದು ಇಷ್ಟು. ಮೂರು ವರ್ಷದ ಹೆಣ್ಣು ಪುಚ್ಚೆ, ಹದಿನೈದು ದಿನದಿಂದ ಹಗಲೂ ರಾತ್ರಿ ಕೆರೆದುಕೊಳ್ಳುತ್ತಿದೆ. ಕುತ್ತಿಗೆಯಲ್ಲಿ ಸಣ್ಣ ಸಣ್ಣ ಹಕ್ಕಳೆ, ಬಾಲದ ಬುಡದಲ್ಲಿ ಕೂದಲು ಉದುರಿದೆ. ಕರ್ಪೂರ ಹಾಕಿ ಕಾಯಿಸಿದ ತೆಂಗಿನೆಣ್ಣೆ ಎರಡು ಸಲ ಹಚ್ಚಿದ್ದೀರಿ. ನಾಯಿಗೆ ತಂದ ಉಣ್ಣಿಯ ಮದ್ದು ಅರ್ಧ ಉಳಿದಿದೆ, ಅದರದ್ದೇ ಎರಡು ಹನಿ ಹಾಕಿದರೆ ಹೇಗೆ ಅಂತ ಕೇಳಿದ್ದೀರಿ. ನಿಮ್ಮ ಪೋಸ್ಟಿನ ಕೆಳಗೆ ಒಬ್ಬರು ಹಾಕಿ ಅಂದಿದ್ದಾರೆ. ಇನ್ನೊಬ್ಬರು ಡೆಟಾಲ್ ನೀರಲ್ಲಿ ಮೀಯಿಸಿ ಅಂದಿದ್ದಾರೆ. ಎರಡೂ ಬೇಡ.

ಮೂರು ವರ್ಷದ ಹಿಂದೆ ನಾನು ಅದೇ ಕೆಲಸ ಮಾಡಿದ್ದೆ. ಅಂಗಡಿಯವರು "ನಾಯಿಗೂ ಬೆಕ್ಕಿಗೂ ಆಗ್ತದೆ" ಅಂದರು, ನಾನು ಚೀಟಿ ಓದಲಿಲ್ಲ. ಬೆಳಗ್ಗೆ ನಮ್ಮ ಪುಚ್ಚೆ ಬೊಳ್ಳಿಯ ಹೆಗಲಿಗೆ ನಾಲ್ಕು ಹನಿ ಹಾಕಿದೆ. ಸಂಜೆ ಹಾಲು ಕರೆದು ಬರುವಾಗ ಅದರ ಕಿವಿ ಸುಮ್ನೆ ಅದುರುತ್ತಿತ್ತು. ನೊಣ ಕೂತಾಗ ದನದ ಚರ್ಮ ಅಲೆಯಲೆಯಾಗಿ ನಡುಗುತ್ತದಲ್ಲ, ಸ್ವಲ್ಪ ಹೊತ್ತಿನಲ್ಲಿ ಬೆನ್ನಿಡೀ ಹಾಗೆ ನಡುಗತೊಡಗಿತು. ಆಮೇಲೆ ಕಾಲು ನಿಲ್ಲಲಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆದು, ಬೈರಾಸಿನಲ್ಲಿ ಸುತ್ತಿ, ಜೀಪು ಮಾಡಿಸಿಕೊಂಡು ಡಾಕ್ಟರ ಹತ್ತಿರ ಓಡಿದೆವು. ಎರಡು ದಿನ ಡ್ರಿಪ್ಪು. ಬದುಕಿತು. ಮನೆಗೆ ಬಂದು ಪೆಟ್ಟಿಗೆ ನೋಡಿದರೆ, ಬೆಕ್ಕಿನ ಚಿತ್ರಕ್ಕೆ ಅಡ್ಡಗೆರೆ ಎಳೆದದ್ದು ಸ್ಪಷ್ಟವಾಗಿ ಕಾಣುತ್ತಿತ್ತು.

ಅದರಲ್ಲಿದ್ದದ್ದು ಪರ್ಮೆಥ್ರಿನ್ ಎಂಬ ಕೀಟನಾಶಕ. ನಾಯಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಬೆಕ್ಕಿನ ಲಿವರಿಗೆ ಇಂಥ ಕೆಲವು ವಸ್ತುಗಳನ್ನು ಕರಗಿಸಿ ಹೊರಗೆ ಹಾಕುವ ಶಕ್ತಿ ತೀರಾ ಕಡಿಮೆ, ಅದಕ್ಕೆ ಒಳಗೇ ಉಳಿದು ನರಕ್ಕೆ ಹೊಡೆಯುತ್ತದೆ. ಡೆಟಾಲ್, ಫಿನಾಯಿಲ್, ಕರ್ಪೂರ, ಟೀ ಟ್ರೀ ಎಣ್ಣೆ ಎಲ್ಲ ಬೆಕ್ಕಿಗೆ ವಿಷವೇ. ಪ್ಯಾರಾಸಿಟಮಾಲ್ ಅಂತೂ ಒಂದೇ ಮಾತ್ರೆಯಲ್ಲಿ ಬೆಕ್ಕನ್ನು ಕೊಲ್ಲಬಹುದು. ಮೇಲಿಂದ ಪುಚ್ಚೆ ಮೈಯನ್ನು ನೆಕ್ಕುವ ಪ್ರಾಣಿ. ನೀವು ಮೈಗೆ ಹಚ್ಚಿದ್ದು ಅಂತ ತಿಳಿದದ್ದು ಹೊಟ್ಟೆಗೇ ಹೋಗುತ್ತದೆ. ಹಟ್ಟಿಗೆ ಹೊಡೆಯುವ ಸ್ಪ್ರೇಯನ್ನು ಬೆಕ್ಕಿಗೂ ಒಂದು ಸಲ ಹೊಡೆಯುವವರನ್ನು ನೋಡಿದ್ದೇನೆ. ಗೇರು ತೋಟದ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ವಿಷ ಸುರಿದದ್ದನ್ನು ಕಂಡ ಜಿಲ್ಲೆಯವರು ನಾವು. ನಮಗೇ ಇದನ್ನು ಹೇಳಬೇಕಾ ಮಾರಾಯ್ರೆ?

ಕರ್ಪೂರದ ಎಣ್ಣೆ ಇನ್ನೂ ಮೈಯಲ್ಲಿ ಜಿಡ್ಡು ಇದ್ದರೆ ಅದನ್ನೂ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆದುಬಿಡಿ. ಚೆನ್ನಾಗಿ ಒರೆಸಿ. ಈ ಮಳೆಯಲ್ಲಿ ಒದ್ದೆ ಬಿಟ್ಟರೆ ಬೇರೆ ಉಪದ್ರ.

ಈಗ ತುರಿಕೆಯ ವಿಷಯಕ್ಕೆ ಬರುತ್ತೇನೆ. ಎಲ್ಲಿ ಕೆರೆಯುತ್ತದೆ ಅನ್ನುವುದೇ ಅರ್ಧ ಉತ್ತರ. ನೀವು ಹೇಳಿದ ಜಾಗ, ಅಂದರೆ ಬಾಲದ ಬುಡ ಮತ್ತು ಕುತ್ತಿಗೆ, ಹೆಚ್ಚಾಗಿ ಚಿಗಟದ್ದು. "ಚಿಗಟ ಒಂದೂ ಕಾಣುವುದಿಲ್ಲ" ಅಂತ ಬರೆದಿದ್ದೀರಿ. ಕಾಣಲೇಬೇಕು ಅಂತ ಇಲ್ಲ. ಕೆಲವು ಬೆಕ್ಕುಗಳಿಗೆ ಚಿಗಟದ ಎಂಜಲಿನ ಅಲರ್ಜಿ ಇರುತ್ತದೆ. ಎರಡು ಮೂರು ಕಚ್ಚಿದರೂ ಮೈಯೆಲ್ಲ ತುರಿಸುತ್ತದೆ, ಕಚ್ಚಿದ ಚಿಗಟವನ್ನು ಅದು ನೆಕ್ಕಿ ನುಂಗಿಯೂ ಆಗಿರುತ್ತದೆ.

ಹಾಗಾಗಿ ಚಿಗಟ ಹುಡುಕಬೇಡಿ, ಅದರ ಹಿಕ್ಕೆ ಹುಡುಕಿ. ಹೇನು ಬಾಚುವ ಸಣ್ಣ ಹಲ್ಲಿನ ಬಾಚಣಿಗೆ ಸಾಕು. ಬಿಳಿ ಕಾಗದದ ಮೇಲೆ ಪುಚ್ಚೆಯನ್ನು ನಿಲ್ಲಿಸಿ ಬಾಲದ ಬುಡದಿಂದ ಬೆನ್ನಿನವರೆಗೆ ಬಾಚಿ. ಕಾಳುಮೆಣಸಿನ ಪುಡಿಯ ಹಾಗೆ ಕಪ್ಪು ಕಣ ಬೀಳಬಹುದು. ಅದರ ಮೇಲೆ ಎರಡು ಹನಿ ನೀರು ಬಿಟ್ಟು ಒಂದು ನಿಮಿಷ ಕಾಯಿರಿ. ಮಣ್ಣಾದರೆ ಮಣ್ಣಿನ ಬಣ್ಣದಲ್ಲೇ ಇರುತ್ತದೆ. ಚಿಗಟದ ಹಿಕ್ಕೆಯಾದರೆ ಸುತ್ತ ಅಡಿಕೆ ಚೊಗರಿನ ಹಾಗೆ ಕೆಂಪು ಕಂದು ಬಣ್ಣ ಹರಡುತ್ತದೆ. ಅದು ಪುಚ್ಚೆಯದ್ದೇ ರಕ್ತ, ಚಿಗಟ ಕುಡಿದು ಬಿಟ್ಟದ್ದು. ಬಾಚಣಿಗೆಯಲ್ಲಿ ಜೀವಂತ ಸಿಕ್ಕಿದರೆ ಸೋಪು ನೀರಿಗೆ ಹಾಕಿ. ಉಗುರಿನಲ್ಲಿ ಒತ್ತಿ ಸಾಯಿಸಲು ಹೋದರೆ ಹಾರಿ ನಿಮ್ಮ ಮೇಲೇ ಬರುತ್ತದೆ.

ಚಿಗಟ ಅಂತ ಗೊತ್ತಾದರೆ ಬೆಕ್ಕಿಗೆ ಅಂತಲೇ ಬರೆದ ಹನಿ ಮದ್ದು ಸಿಗುತ್ತದೆ. ಫಿಪ್ರೊನಿಲ್ ಅಥವಾ ಸೆಲಮೆಕ್ಟಿನ್ ಇರುವಂಥದ್ದು. ಪುಚ್ಚೆಯ ತೂಕ ಹೇಳಿ ಡಾಕ್ಟರಿಂದ ಬರೆಸಿಕೊಳ್ಳಿ. ತೂಕ ನೋಡುವುದು ಸುಲಭ: ಅದನ್ನು ಎತ್ತಿಕೊಂಡು ನೀವು ತಕ್ಕಡಿ ಹತ್ತಿ, ಆಮೇಲೆ ನೀವೊಬ್ಬರೇ ಹತ್ತಿ ಕಳೆಯಿರಿ. ಹನಿ ಬಿಡುವುದು ತಲೆಯ ಹಿಂದೆ, ನಾಲಿಗೆ ಮುಟ್ಟದ ಜಾಗದಲ್ಲಿ. ಕೂದಲು ಸರಿಸಿ ಚರ್ಮದ ಮೇಲೆ ಬೀಳಬೇಕು, ಕೂದಲ ಮೇಲೆ ಬಿದ್ದರೆ ಮದ್ದು ದಂಡ. ಎಂಟು ವಾರ ಆಗದ ಮರಿಗಳಿದ್ದರೆ ಡಾಕ್ಟರನ್ನು ಕೇಳದೆ ಯಾವ ಹನಿಯನ್ನೂ ಹಾಕಬೇಡಿ, ದಿನಾ ಬಾಚಿ ತೆಗೆಯಿರಿ. ಮರಿಯ ಒಸಡು ಬಿಳಿಚಿದ್ದರೆ ಚಿಗಟ ರಕ್ತ ಹೀರಿ ಹಾಗಾಗಿರಬಹುದು, ಕಾಯದೆ ಕರೆದುಕೊಂಡು ಹೋಗಿ.

ಇಲ್ಲಿಗೆ ಮುಗಿಯಿತು ಅಂತ ನಾನೂ ತಿಳಿದಿದ್ದೆ. ಸರಿಯಾದ ಮದ್ದು ಹಾಕಿ ಇಪ್ಪತ್ತು ದಿನಕ್ಕೆ ಬೊಳ್ಳಿ ಮತ್ತೆ ಕೆರೆಯಲು ಶುರು ಮಾಡಿತು. ಮದ್ದು ಡುಪ್ಲಿಕೇಟ್ ಅಂತ ಬೈದೆ. ಅದೇ ಸಮಯಕ್ಕೆ ಮಂಗಳೂರಲ್ಲಿ ಒಂದು ಮದುವೆ, ಮನೆಗೆ ಒಂದು ವಾರ ಬೀಗ. ಬಂದು ಅಟ್ಟಕ್ಕೆ ಹತ್ತಿ ನಾಲ್ಕು ಹೆಜ್ಜೆ ಇಟ್ಟದ್ದೇ, ಮೊಣಕಾಲಿನವರೆಗೆ ಚುರುಚುರು. ಬಿಳಿ ಪಂಚೆಯ ಅಂಚಿನಲ್ಲಿ ಎಳ್ಳು ಚೆಲ್ಲಿದ ಹಾಗೆ ಚಿಗಟ. ಅಟ್ಟದಲ್ಲಿ ಖಾಲಿ ಅಡಿಕೆ ಗೋಣಿಯ ರಾಶಿ ಇತ್ತು. ಬೊಳ್ಳಿ ಹಗಲಿಡೀ ಮಲಗುತ್ತಿದ್ದದ್ದು ಅಲ್ಲೇ.

ಒಂದು ಹೆಣ್ಣು ಚಿಗಟ ದಿನಕ್ಕೆ 40-50 ಮೊಟ್ಟೆಯವರೆಗೂ ಇಡುತ್ತದೆ. ಮೊಟ್ಟೆ ಕೂದಲಿಗೆ ಅಂಟಿ ನಿಲ್ಲುವುದಿಲ್ಲ, ಮಲಗಿದಲ್ಲಿ ಉದುರುತ್ತದೆ. ಅಲ್ಲೇ ಹುಳವಾಗಿ, ಗೂಡು ಕಟ್ಟಿ, ಗೂಡಿನೊಳಗೆ ತಿಂಗಳುಗಟ್ಟಲೆ ಕಾಯುವ ಶಕ್ತಿಯೂ ಅದಕ್ಕಿದೆ. ಯಾರಾದರೂ ನಡೆದ ಅದುರು, ಮೈಯ ಬಿಸಿ, ಉಸಿರು ಸಿಕ್ಕಿದ ಕೂಡಲೇ ಹೊರಗೆ ಹಾರುತ್ತದೆ. ಗೂಡಿನ ಮೇಲೆ ಮದ್ದು ಹೆಚ್ಚಾಗಿ ನಡೆಯುವುದಿಲ್ಲ. ಅದಕ್ಕೇ ಹನಿ ಮದ್ದನ್ನು ತಿಂಗಳಿಗೊಮ್ಮೆ ಕಡಿಮೆ ಅಂದರೂ ಮೂರು ತಿಂಗಳು ಹಾಕಬೇಕು, ಮನೆಯಲ್ಲಿರುವ ಎಲ್ಲ ಬೆಕ್ಕಿಗೆ, ನಾಯಿಗೂ ನಾಯಿಯದ್ದನ್ನು. ನಾಯಿಯ ಮದ್ದಿನಲ್ಲಿ ಪರ್ಮೆಥ್ರಿನ್ ಇದ್ದು ಎರಡೂ ಒಟ್ಟಿಗೆ ಮಲಗುವುದಾದರೆ ಅದನ್ನೂ ಬದಲಿಸಿ.

ನಿಮ್ಮ ಪುಚ್ಚೆ ಎಲ್ಲಿ ಮಲಗುತ್ತದೆ ನೋಡಿ. ಗೋಣಿ, ಹಳೆ ಸೀರೆ, ಕಟ್ಟಿಗೆ ರಾಶಿಯ ಮೂಲೆ, ಸೋಫಾದ ಸಂದು. ಬಟ್ಟೆಯನ್ನು ಬಚ್ಚಲ ಹಂಡೆಯ ಕುದಿನೀರಿಗೆ ಹಾಕಿ. ಗೋಣಿ ಹಳೆಯದಾದರೆ ಒಲೆಗೇ ಹಾಕಿ, ಆಸೆ ಬೇಡ. ನೆಲವನ್ನು ಹಿಡಿಸೂಡಿಯಲ್ಲಿ ಮೂಲೆ ಮೂಲೆ ಕೆರೆದು ಗುಡಿಸಿ, ಆ ಕಸವನ್ನು ಅಂಗಳಕ್ಕೆ ಎಸೆಯದೆ ಸುಡಿ. ವ್ಯಾಕ್ಯೂಮ್ ಇದ್ದರೆ ಇನ್ನೂ ಒಳ್ಳೆಯದು. ಚಿಗಟದ ಹುಳಕ್ಕೆ ಒಣ ಹವೆ ಆಗುವುದಿಲ್ಲ. ಆದರೆ ಆಟಿ ತಿಂಗಳಲ್ಲಿ ನಮ್ಮೂರಲ್ಲಿ ಒಣ ಜಾಗ ಎಲ್ಲಿಂದ ತರುವುದು? ಅದಕ್ಕೇ ಮಳೆಗಾಲದಲ್ಲಿ ಇದರ ಕಾಟ ಜಾಸ್ತಿ.

ಮಲದ್ವಾರದ ಹತ್ತಿರ ಅಕ್ಕಿಕಾಳಿನ ಹಾಗೆ ಬಿಳಿ ತುಂಡು ಕಂಡರೆ ಅದು ಲಾಡಿಹುಳ. ಚಿಗಟ ನುಂಗಿದರೆ ಬರುವಂಥದ್ದು, ಹುಳದ ಮಾತ್ರೆಯನ್ನೂ ಕೇಳಿ.

ಬಾಚಿದಾಗ ಕಪ್ಪು ಕಣ ಸಿಗದಿದ್ದರೂ ಮೊದಲು ಚಿಗಟದ ಮದ್ದನ್ನೇ ಸರಿಯಾಗಿ ಹಾಕಿ ನೋಡುವುದು ಡಾಕ್ಟರುಗಳ ಕ್ರಮ. ಆದರೆ ಜೊತೆಗೆ ಬೇರೆಯದನ್ನೂ ನೋಡಿ. ಕಿವಿಯ ಒಳಗೆ ಕಾಫಿ ಚರಟದ ಹಾಗೆ ಕಪ್ಪು ಗಲೀಜು ಇದ್ದು ತಲೆ ಕೊಡವುತ್ತಿದ್ದರೆ ಕಿವಿಯ ನುಸಿ. ಕಿವಿಯ ಅಂಚಿನಿಂದ ಶುರುವಾಗಿ ಮುಖಕ್ಕೆ ಬೂದು ಬಣ್ಣದ ದಪ್ಪ ಹಕ್ಕಳೆ ಕಟ್ಟಿದರೆ ಕಜ್ಜಿ, ಎತ್ತಿಕೊಂಡವರ ಕೈಗೂ ತುರಿಸುತ್ತದೆ. ದುಂಡಗೆ ಕೂದಲು ಹೋಗಿದ್ದರೆ ಹುಳುಕಡ್ಡಿ ಇರಬಹುದು, ಮಕ್ಕಳಿಗೆ ಬೇಗ ಹತ್ತುತ್ತದೆ, ಹಾಸಿಗೆಗೆ ಬಿಡಬೇಡಿ. ಇವಕ್ಕೆಲ್ಲ ಬೇರೆ ಬೇರೆ ಮದ್ದು. ಪಂಚಾಯತಿನ ಮೃಗಾಸ್ಪತ್ರೆಗೆ ಹೋದಾಗ ಚರ್ಮ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಲು ಆಗುತ್ತದಾ ಅಂತ ಕೇಳಿ. ತುರಿಕೆ ನಿಲ್ಲುವ ಇಂಜೆಕ್ಷನ್ ಒಂದನ್ನೇ ಹಾಕಿಸಿ ಬಂದರೆ ಕೆಲವು ವಾರ ಆರಾಮ, ಆಮೇಲೆ ಅದೇ ರಾಗ.

ಊಟದ ಅಲರ್ಜಿ ಅಂತ ಮೇಲೆ ಒಬ್ಬರು ಹೇಳಿದ್ದಾರೆ. ಇರಬಹುದು. ಅದನ್ನು ಖಚಿತ ಮಾಡಲು ಎಂಟು ವಾರ ಡಾಕ್ಟರು ಹೇಳಿದ ಒಂದೇ ಊಟ ಕೊಡಬೇಕು, ಬೇರೆ ಒಂದು ತುತ್ತೂ ಇಲ್ಲ. ನಮ್ಮಲ್ಲಿ ಮೊಸರನ್ನ ಉಂಡು ಆಚೆಮನೆಯಲ್ಲಿ ಬೂತಾಯಿ ಮೀನು ತಿಂದು ಬರುವ ಪುಚ್ಚೆಗೆ ಈ ಪಥ್ಯ ಯಾರು ಮಾಡಿಸುತ್ತಾರೋ! ಅದು ಕೊನೆಗೆ ಇರಲಿ.

ಗಾಯ ಒಣಗುವವರೆಗೆ ಕೆರೆಯದ ಹಾಗೆ ಕುತ್ತಿಗೆಗೆ ಕಾಲರ್ ಬೇಕಾಗಬಹುದು. ನಾನು ಮೊದಲು ಅಡಿಕೆ ಹಾಳೆಯಲ್ಲಿ ಮಾಡಿದ್ದೆ, ಎರಡು ನಿಮಿಷಕ್ಕೆ ಕಳಚಿತು. ಆಮೇಲೆ ಅಮ್ಮನ ಮೊಣಕಾಲಿನ ಹಳೆ ಎಕ್ಸ್‌ರೇ ಹಾಳೆ ಸುತ್ತಿ, ಅಂಚಿಗೆ ಬಟ್ಟೆ ಹೊಲಿದೆ. ಅದು ನಿಂತಿತು. ಒಳಗೆ ಎರಡು ಬೆರಳು ಹೋಗುವಷ್ಟು ಸಡಿಲ ಇರಲಿ.

ಇಷ್ಟರ ನಡುವೆ ಅದು ನಿಮಗೆ ಪರಚಿದರೆ ಅಥವಾ ಕಚ್ಚಿದರೆ ಹರಿಯುವ ನೀರಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು, ರೇಬಿಸ್ ಚುಚ್ಚುಮದ್ದಿಗೆ ಆರೋಗ್ಯ ಕೇಂದ್ರಕ್ಕೆ ಹೋಗಿ. ಸಾಕಿದ್ದು ಅಂತ ಉದಾಸೀನ ಬೇಡ.

ಇವತ್ತು ರಾತ್ರಿ ಕರೆಂಟು ಇರುವಾಗಲೇ ಬಾಚಿ, ಒದ್ದೆ ಮಾಡಿದ ಕಾಗದದ ಫೋಟೋ ಇಲ್ಲೇ ಹಾಕಿ. ಆ ನಾಯಿ ಡ್ರಾಪ್ಸ್ ಪೆಟ್ಟಿಗೆಯದ್ದೂ ಒಂದು ಹಾಕಿ, ಅದರಲ್ಲಿ ಏನಿದೆ ನೋಡುವ.